ಅಂಚು ಸುಟ್ಟ ಎಲೆಗಳು

ಹೋಟೆಲಿನ ಮ್ಯಾನೇಜರು ಗಿಡದಿಂದ ಒಂದು ಎಲೆ ಕಿತ್ತು ತಂದು ಕೌಂಟರಿನ ಮೇಲಿಟ್ಟರು.

"ನೀವೇ ನೋಡಿ, ಕುಂಡದಮ್ಮ."

ಕುಂಡದಮ್ಮ ಕನ್ನಡಕ ಸರಿಮಾಡಿಕೊಂಡು ನೋಡಿದಳು. ಅಗಲವಾದ, ಹೊಳೆಯುವ ಹಸಿರು ಎಲೆ. ತುದಿ ಮಾತ್ರ ಕಂದು. ಆ ಕಂದು ತುದಿಯಿಂದ ಹೊರಟು ಎರಡೂ ಅಂಚಿನ ಗುಂಟ ಇಳಿದಿತ್ತು, ಬಿಸಿ ಇಸ್ತ್ರಿಪೆಟ್ಟಿಗೆ ತಾಗಿದ ಬಟ್ಟೆಯ ಹಾಗೆ.

"ಬಾಗಿಲು ತೆಗೆದ ತಕ್ಷಣ ಜನ ನೋಡೋದೇ ಇದನ್ನ. ಗಿಡಾನೇ ಹೀಗಿದ್ರೆ ಹಾಸಿಗೆ ಹೇಗಿರುತ್ತೋ ಅಂದ್ಕೋತಾರೆ."

"ಬದಲಾಯಿಸಿ ಕೊಡ್ತೀನಿ ಸಾರ್."

"ಹೋದ ವಾರ ಬದಲಾಯಿಸಿ ಕೊಟ್ಟಿದ್ದೇ ಇದು. ಈ ತಿಂಗಳು ಮುಗಿಯೋವರೆಗೂ ನೋಡ್ತೀನಿ. ಸರಿಹೋಗ್ಲಿಲ್ಲ ಅಂದ್ರೆ ಬೇರೆಯವರಿಗೆ ಹೇಳ್ಬೇಕಾಗುತ್ತೆ. ಬೇಜಾರು ಮಾಡ್ಕೋಬೇಡಿ."

ಕುಂಡದಮ್ಮ ಎಲೆಯನ್ನು ಕೈಚೀಲಕ್ಕೆ ಹಾಕಿಕೊಂಡು ಹೊರಗೆ ಬಂದಳು. ಸಣ್ಣ ವ್ಯಾನಿನಲ್ಲಿ ಅವಳ ಗಂಡ ಸ್ಟೇರಿಂಗಿಗೆ ಒರಗಿ ಕೂತಿದ್ದ. ಜೀವಮಾನವಿಡೀ ಬಸ್ಸು ಓಡಿಸಿ ನಿವೃತ್ತನಾದ ಮನುಷ್ಯ. ಬೀದಿಯವರಿಗೆ ಇವತ್ತಿಗೂ ಅವನು ಡ್ರೈವರೇ.

"ಏನಂತೆ?"

"ಎಲೆ ಸುಡ್ತಿದೆಯಂತೆ."

"ಬಿಸಿಲು ತಾಗಿರ್ಬೇಕು."

"ಹೋಟೆಲ್ ಒಳಗೆ ಯಾವ ಬಿಸಿಲು ರೀ?"

ಡ್ರೈವರ್ ಗಾಡಿ ಸ್ಟಾರ್ಟ್ ಮಾಡಿದ.

ಕುಂಡದಮ್ಮನ ಕಸುಬು ಗಿಡ ಮಾರುವುದಲ್ಲ, ಬಾಡಿಗೆಗೆ ಕೊಡುವುದು. ಹೋಟೆಲು, ಹಲ್ಲಿನ ಡಾಕ್ಟರ ಕ್ಲಿನಿಕ್ಕು, ವಕೀಲರ ಆಫೀಸು, ಇಂಥ ಕಡೆಗಳಲ್ಲಿ ಅವಳ ಕುಂಡಗಳು ವಾರಗಟ್ಟಲೆ ಟ್ಯೂಬ್‌ಲೈಟಿನ ಬೆಳಕಿನಲ್ಲಿ ನಿಂತು ದಣಿಯುತ್ತವೆ. ದಣಿದವನ್ನು ವ್ಯಾನಿನಲ್ಲಿ ಮನೆಗೆ ತಂದು, ತಾರಸಿಯ ನೆರಳುಬಲೆಯ ಕೆಳಗೆ ಇಟ್ಟು, ಚೇತರಿಸಿಕೊಂಡವನ್ನು ವಾಪಸು ಕಳಿಸುವುದು. ಗಿಡಗಳಿಗೆ ತಾರಸಿಯೆಂದರೆ ತವರುಮನೆ. ಅಲ್ಲಿಗೆ ಬಂದವು ಮೈ ತುಂಬಿಕೊಂಡು ಹೋಗಬೇಕು. ಈಗ ಆಗುತ್ತಿದ್ದದ್ದು ತಿರುವುಮುರುವು. ಹೊರಗಿದ್ದಾಗ ಚೆನ್ನಾಗಿದ್ದವು ಮನೆಗೆ ಬಂದ ಮೇಲೆ ಸುಡುತ್ತಿದ್ದವು.

ಆ ರಾತ್ರಿ ಊಟದ ಮೇಜಿನ ಮೇಲೆ ಅನ್ನ, ಬೇಳೆ, ಹುರಿದ ಆಲೂಗಡ್ಡೆ, ಅವುಗಳ ಮಧ್ಯೆ ಆ ಎಲೆ.

"ಊಟದ ಹೊತ್ತಲ್ಲಿ ಕಸ ತಂದಿಡ್ಬೇಡಮ್ಮ," ಎಂದ ಮಗ. ಅವನು ಪ್ಲಂಬರ್. ಉಗುರಿನ ಸಂದಿಯಲ್ಲಿ ಸದಾ ಪೈಪಿನ ಅಂಟು.

"ಕಸ ಅಲ್ಲ ಕಣೋ, ಕೇಸು."

ಮೊಮ್ಮಗಳು ಫೋನಿನಲ್ಲಿ ಎಲೆಯ ಚಿತ್ರ ತೆಗೆದಳು. "ಅಜ್ಜಿ, ಇದು ಬೂಷ್ಟಿನ ರೋಗ ಅಂತಿದೆ." ಎಲೆಯನ್ನು ಮಗುಚಿ ಇನ್ನೊಂದು ತೆಗೆದಳು. "ಈಗ ನೀರು ಕಮ್ಮಿಯಾಗಿದೆ ಅಂತಿದೆ." ದೀಪದ ಹತ್ತಿರ ಹಿಡಿದು ಮತ್ತೊಂದು ತೆಗೆದಳು. "ಈಗ ಇದು ಪಾಲಕ್ ಸೊಪ್ಪಂತೆ."

"ಹಾಗಾದ್ರೆ ನಾಳೆ ಬೇಳೆಗೆ ಹಾಕೋಣ ಬಿಡು," ಎಂದ ಡ್ರೈವರ್.

ಸೊಸೆ ನಗಲಿಲ್ಲ. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷೆ ಮಾಡುವವಳು. ಮನೆಯಲ್ಲಿ ಲೋಟ ಬಿದ್ದರೂ ಬೀಳಿಸಿದವರ ಕಣ್ಣನ್ನೇ ಮೊದಲು ಅನುಮಾನಿಸುತ್ತಿದ್ದಳು. "ಅತ್ತೆ, ಗೊಬ್ಬರ ಹಾಕೋ ಚಮಚದ ಗೆರೆ ನಿಮಗೆ ಸರಿಯಾಗಿ ಕಾಣುತ್ತಾ? ಒಂದು ಚಮಚದ ಬದ್ಲು ಎರಡು ಬಿದ್ರೆ ಎಲೆ ಸುಡಲ್ವಾ?"

"ಸುಡುತ್ತೆ. ಆದ್ರೆ ನನಗೆ ಕಾಣುತ್ತೆ."

"ಎಲ್ಲರೂ ಹಾಗೇ ಅಂತಾರೆ. ಅಂಗಡಿಗೆ ಬಂದ ಮೇಲೆ ಗೋಡೆ ಮೇಲಿನ ದೊಡ್ಡಕ್ಷರ ಓದೋಕೆ ತಡವರಿಸ್ತಾರೆ."

"ಅಮ್ಮ," ಎಂದ ಮಗ, ತಟ್ಟೆಯ ಮೇಲಿಂದ ತಲೆ ಎತ್ತದೆ, "ಸಾಕು ಬಿಡು ಇನ್ನ. ಎಷ್ಟು ವರ್ಷ ಅಂತ ಮಣ್ಣು ಹೊರ್ತೀಯ? ತಾರಸಿ ಮೇಲೆ ಒಂದು ರೂಮು ಹಾಕ್ಸಿದ್ರೆ ಇವಳಿಗಾದ್ರೂ ಓದೋಕೆ ಒಂದು ಜಾಗ ಆಗುತ್ತೆ."

"ತಾತನ ಗೊರಕೆ ತಪ್ಪುತ್ತೆ," ಎಂದಳು ಮೊಮ್ಮಗಳು. ಅಜ್ಜಿ ತಾತನ ಕೋಣೆಯಲ್ಲೇ ಅವಳಿಗೊಂದು ಮಂಚ, ಮಂಚದ ಕೆಳಗೆ ಪುಸ್ತಕ.

ಇದೇನು ಹೊಸ ಮಾತಲ್ಲ. ವರ್ಷದಿಂದ ಮನೆಯಲ್ಲಿ ಸುಳಿದಾಡುತ್ತಿದ್ದ ಮಾತು. ಅದಕ್ಕೆ ಕೂರಲು ಒಂದು ಮಣೆ ಬೇಕಿತ್ತು, ಸುಟ್ಟ ಎಲೆ ಮಣೆ ಹಾಕಿಕೊಟ್ಟಿತು.

"ನನ್ನ ಕೈಯಿಂದ ಆದ ತಪ್ಪು ಅಂತ ಗೊತ್ತಾದ್ರೆ ನಾನೇ ಬಿಡ್ತೀನಿ," ಎಂದಳು ಕುಂಡದಮ್ಮ. "ಗೊತ್ತಾಗೋವರೆಗೂ ರೂಮಿನ ಮಾತು ಬೇಡ."

"ತಿಂಗಳ ಕೊನೆ," ಎಂದ ಮಗ.

"ತಿಂಗಳ ಕೊನೆ," ಎಂದಳು ಅವಳೂ.

ಮಾರನೆಯ ಬೆಳಿಗ್ಗೆಯಿಂದ ಅವಳು ತಾರಸಿಯಲ್ಲಿ ತನಿಖೆಗೆ ಕೂತಳು. ಅವಳ ಕ್ರಮ ಹಳೆಯದು. ಮೊದಲನೆಯ ಪ್ರಶ್ನೆ: ಕೆಟ್ಟಿರುವುದು ಹಳೆಯ ಎಲೆಯೋ, ಚಿಗುರೋ? ಹಳೆಯ ಎಲೆ. ಹಾಗಾದರೆ ಕಬ್ಬಿಣದ ಕೊರತೆಯಲ್ಲ, ಅದು ಚಿಗುರನ್ನು ಹಿಡಿಯುತ್ತದೆ. ಎಲೆಯ ಮೈ ಹಳದಿಯಾಗಿದೆಯೋ, ಅಂಚು ಮಾತ್ರವೋ? ಅಂಚು ಮಾತ್ರ. ಹಾಗಾದರೆ ಸಾರಜನಕದ ಹಸಿವಲ್ಲ. ಎಲೆ ಮಗುಚಿ, ಕೆಳಗೆ ಬಿಳಿ ಕಾಗದ ಹಿಡಿದು ತಟ್ಟಿದಳು. ಒಂದು ಹುಳುವೂ ಉದುರಲಿಲ್ಲ. ಒಂದು ಗಿಡವನ್ನು ಕುಂಡದಿಂದ ಹೊರಗೆಳೆದು ಬೇರು ನೋಡಿದಳು. ಕೊಳೆತ ವಾಸನೆ ಇಲ್ಲ, ಬೇರು ಬೆಳ್ಳಗೇ ಇದೆ, ತುದಿ ಮಾತ್ರ ಕಂದು. ಮೇಲೆ ಎಲೆಗೆ ಏನಾಗಿತ್ತೋ ಕೆಳಗೆ ಬೇರಿಗೂ ಅದೇ. ರಬ್ಬರ್ ಗಿಡದಂಥ ಗಟ್ಟಿ ಜಾತಿಯವು ಮಾತ್ರ ಏನೂ ಆಗದವರಂತೆ ನಿಂತಿದ್ದವು.

ಉಪ್ಪು. ಗೊಬ್ಬರದ್ದೋ ನೀರಿನದ್ದೋ, ಮಣ್ಣಿನಲ್ಲಿ ಉಪ್ಪು ಹೆಚ್ಚಿದೆ. ಗೊಬ್ಬರವೆಂದರೆ ಸೊಸೆ ಗೆದ್ದಳು. ನೀರೆಂದರೆ...

ಮೂರು ತಿಂಗಳ ಹಿಂದೆ ಮಗ ಮನೆಗೆ ನೀರು ಮೆದುಮಾಡುವ ಸಾಫ್ಟ್‌ನರ್ ಹಾಕಿದ್ದ. ಊರಿನ ನೀರು ಗಡಸು. ಗೀಸರಿನೊಳಗೆ ಸುಣ್ಣ ಕಟ್ಟುತ್ತಿತ್ತು, ಸೊಸೆಯ ಕೂದಲು ಉದುರುತ್ತಿತ್ತು. ಮೆಟ್ಟಿಲ ಕೆಳಗೆ ನೀಲಿ ತೊಟ್ಟಿ, ಪಕ್ಕದಲ್ಲಿ ಉಪ್ಪಿನ ಚೀಲ. ಆ ಯಂತ್ರ ನೀರಿನ ಸುಣ್ಣ ಹಿಡಿದಿಟ್ಟುಕೊಂಡು ಬದಲಿಗೆ ಉಪ್ಪಿನ ಅಂಶ ಬಿಡುತ್ತದೆ. ಮೈ ತೊಳೆಯಲು ಒಳ್ಳೆಯದು. ಕುಂಡದ ಗಿಡಕ್ಕೆ ಅದು ನಿಧಾನವಾದ ವಿಷ.

ಅವಳು ಸಂಜೆ ಮಗನನ್ನು ಹಿಡಿದಳು. "ಅಂಗಳದ ನಲ್ಲಿಗೆ ಆ ಮೆದು ನೀರು ಬರುತ್ತೇನೋ?"

ಮಗ ಮುಖ ಊದಿಸಿಕೊಂಡ. ಅವಳನ್ನು ಮೆಟ್ಟಿಲ ಕೆಳಗೆ ಕರೆದೊಯ್ದು ಟಾರ್ಚ್ ಬಿಟ್ಟ. "ನೋಡಮ್ಮ. ಇದು ಬೀದಿಯಿಂದ ಬರೋ ಪೈಪು. ತೊಟ್ಟಿಗೆ ಹೋಗೋ ಮುಂಚೇನೇ ಇಲ್ಲಿ ಕವಲು ಒಡೆಸಿದ್ದೀನಿ. ಈ ಕವಲು ನೇರ ಅಂಗಳಕ್ಕೆ. ಗಿಡದ ನೀರು ಬೇರೆ ಇಡ್ಬೇಕು ಅಂತ ಹೊಸಬನಿಗೂ ಗೊತ್ತು. ಊರಿಗೆಲ್ಲ ಹಾಕ್ಕೊಟ್ಟು ನಮ್ಮಮ್ಮನ ಗಿಡಕ್ಕೆ ಉಪ್ಪು ಕುಡಿಸ್ತೀನಾ?"

"ಊರಿಗೆಲ್ಲ ನಲ್ಲಿ ಹಾಕೋನು ನಮ್ಮ ತಾರಸಿಗೆ ಒಂದು ನಲ್ಲಿ ಹಾಕಿಲ್ಲವಲ್ಲಪ್ಪ."

"ಹಾಕ್ತೀನಿ ಅಂದ್ನಲ್ಲ."

"ಯಾವ ಭಾನುವಾರ? ಇಸವಿ ಹೇಳು."

ತಾರಸಿಗೆ ನಲ್ಲಿ ಇಲ್ಲದ ಕಾರಣ ನೀರು ಅಂಗಳದಿಂದ ಹೊತ್ತೇ ಹೋಗಬೇಕಿತ್ತು. ಮೊದಲು ಕುಂಡದಮ್ಮನೇ ಹೊರುತ್ತಿದ್ದಳು. ಅವಳ ಮಂಡಿ ಹಿಡಿದುಕೊಂಡ ಮೇಲೆ ಡ್ರೈವರ್ ಆ ಕೆಲಸ ತಾನು ವಹಿಸಿಕೊಂಡಿದ್ದ. "ಬಸ್ಸು ತುಂಬ ಜನಾನ ಹೊತ್ತೋನು, ಎರಡು ಕ್ಯಾನ್ ನೀರು ಹೊರಲಾರೆನಾ?" ಎಂದು ಯಾರನ್ನೂ ಹತ್ತಿರ ಬಿಡುತ್ತಿರಲಿಲ್ಲ. ಮಧ್ಯಾಹ್ನ ಎಲ್ಲರೂ ಕೆಲಸಕ್ಕೆ ಹೋಗಿ, ಕುಂಡದಮ್ಮ ಅಡ್ಡಾದ ಹೊತ್ತಿನಲ್ಲಿ ಕ್ಯಾನುಗಳನ್ನು ತುಂಬಿ ಮೇಲಿಟ್ಟಿರುತ್ತಿದ್ದ. ಅವಳು ಸಂಜೆ ಹತ್ತಿ ಹೋಗಿ ಹಾಕುವುದಷ್ಟೆ.

ಮಗ ತೋರಿಸಿದ ಪೈಪು ಸರಿಯಾಗೇ ಇತ್ತು. ನೀರಿನ ಅನುಮಾನ ಬಿತ್ತು. ಉಳಿದದ್ದು ಗೊಬ್ಬರ.

ಅವಳು ಗೊಬ್ಬರ ನಿಲ್ಲಿಸಿದಳು. ಮಣ್ಣಿನಲ್ಲಿ ಉಪ್ಪು ಕೂತಿದ್ದರೆ ಅದಕ್ಕೆ ಮದ್ದು ಒಂದೇ, ಕುಂಡದ ತಳದಿಂದ ಧಾರೆಯಾಗಿ ಹರಿಯುವಷ್ಟು ನೀರು ಹೊಯ್ದು ತೊಳೆಯುವುದು. "ರೀ, ಈ ವಾರ ನೀರು ಜಾಸ್ತಿ ಬೇಕು. ಪ್ರತಿ ಕುಂಡಕ್ಕೂ ತುಂಬ ಹೊಯ್ಯಬೇಕು."

"ಎಷ್ಟು ಜಾಸ್ತಿ?"

"ದಿನಾ ತರೋದ್ರ ಮೂರು ಪಟ್ಟು. ಆಗದಿದ್ರೆ ಹೇಳಿ, ಮಗಂಗೆ ಹೇಳ್ತೀನಿ."

"ಅವನ್ಯಾಕೆ? ನಾನೇನು ಸತ್ತಿದ್ದೀನಾ?"

ಡ್ರೈವರ್ ತಂದ. ತಂದಷ್ಟನ್ನೂ ಅವಳು ಹೊಯ್ದಳು. ತಾರಸಿಯ ಮೂಲೆಯ ತೂಬಿನಲ್ಲಿ ಮಣ್ಣುನೀರು ಹರಿದು ಹೋಯಿತು. ಆ ವಾರ ಡ್ರೈವರ್ ಸಂಜೆಯ ಟೀಗೆ ಎದ್ದು ಬರಲಿಲ್ಲ. ಮಲಗಿದಲ್ಲಿಗೇ ತರಿಸಿಕೊಂಡ. "ಸೆಕೆ," ಎಂದ.

ವಾರ ಕಳೆಯಿತು. ಎಲೆಗಳು ಸುಧಾರಿಸಲಿಲ್ಲ. ಬದಲಿಗೆ ಇನ್ನೂ ನಡುವಯಸ್ಸಿನ ಎಲೆಗಳಿಗೂ ಕಂದು ಗೆರೆ ಇಳಿಯಿತು. ಹಲ್ಲಿನ ಡಾಕ್ಟರ ಕ್ಲಿನಿಕ್ಕಿನಿಂದಲೂ ಫೋನ್ ಬಂತು.

ಕುಂಡದಮ್ಮ ನೆರಳುಬಲೆಯ ಕೆಳಗೆ ಮಗುಚಿದ ಬಕೆಟ್ಟಿನ ಮೇಲೆ ಕೂತಳು. ಗೊಬ್ಬರ ನಿಲ್ಲಿಸಿದ್ದೇನೆ, ತೊಳೆದಿದ್ದೇನೆ, ಆದರೂ ಹೆಚ್ಚಾಗಿದೆ. ನಿಲ್ಲಿಸಿದ್ದು ನಿಜವೇ? ಡಬ್ಬ ತೆರೆದು ನೋಡಿದಳು. ಗೊಬ್ಬರ ಎಲ್ಲಿತ್ತೋ ಅಲ್ಲೇ ಇದ್ದಂತಿತ್ತು. ಇದ್ದಂತಿತ್ತು, ಅಷ್ಟೆ. ಹೋದ ಸಲ ಎಲ್ಲಿತ್ತು ಎಂದು ಆಣೆಮಾಡಿ ಹೇಳಲು ಅವಳಿಗೆ ಆಗಲಿಲ್ಲ.

ಶನಿವಾರ ಅವಳಾಗಿಯೇ ಸೊಸೆಯ ಅಂಗಡಿಗೆ ಹೋದಳು. ಸೊಸೆ ಅವಳನ್ನು ಎತ್ತರದ ಕುರ್ಚಿಯಲ್ಲಿ ಕೂರಿಸಿ, ಭಾರದ ಚೌಕಟ್ಟು ಮೂಗಿನ ಮೇಲಿಟ್ಟು, ಗಾಜುಗಳನ್ನು ಒಂದೊಂದಾಗಿ ಬದಲಾಯಿಸುತ್ತ ಹೋದಳು. ಅಂಗಡಿಯಲ್ಲಿ ಅವಳ ದನಿಯೇ ಬೇರೆ, ಮೆತ್ತಗೆ, ಅವಸರವಿಲ್ಲದೆ.

"ಇದು ಚೆನ್ನಾಗಿದೆಯಾ, ಇದಾ?"

"ಮೊದಲಿನದು."

"ಕೊನೇ ಸಾಲು ಓದಿ."

ಕುಂಡದಮ್ಮ ಓದಿದಳು. ಅದರ ಕೆಳಗೆ ಚಾರ್ಟು ಅಚ್ಚಾದ ಮುದ್ರಣಾಲಯದ ವಿಳಾಸವನ್ನೂ ಓದಿದಳು.

ಸೊಸೆ ಚೌಕಟ್ಟು ತೆಗೆದಳು. ಅವಳು ನ್ಯಾಯವಂತೆ. "ಕಣ್ಣಿಗೆ ಏನೂ ಆಗಿಲ್ಲ ಅತ್ತೆ. ನಾನು ಅಂದಿದ್ದು ತಪ್ಪು." ಗಾಜುಗಳನ್ನು ಒರೆಸಿ ಪೆಟ್ಟಿಗೆಗಿಟ್ಟಳು. "ಕಣ್ಣಲ್ಲ ಅಂದ್ಮೇಲೆ... ಮರೆವು ಏನಾದ್ರೂ? ಹಾಕಿದ್ದು ಮರೆತು ಮತ್ತೆ ಹಾಕೋದು. ವಯಸ್ಸಾದ್ಮೇಲೆ ಆಗುತ್ತೆ. ಒಂದ್ಸಲ ತೋರಿಸೋಣ. ಬೈಬೇಡಿ."

ಕುಂಡದಮ್ಮ ಬೈಯಲಿಲ್ಲ. ಸೊಸೆಗೆ ಅದೇ ಗಾಬರಿ ಹುಟ್ಟಿಸಿತು.

ಮುಂದಿನ ವಾರ ಮನೆಯಲ್ಲಿ ಎಲ್ಲರೂ ಅವಳೊಡನೆ ಮೃದುವಾಗಿ ಮಾತಾಡಿದರು. ಅವಳಿಗೆ ಅದಕ್ಕಿಂತ ಹಿಂಸೆ ಬೇರೆ ಇರಲಿಲ್ಲ. ಮೊಮ್ಮಗಳು ಗ್ಯಾಸ್ ಆರಿಸಿದೆಯೋ ಇಲ್ಲವೋ ಎಂದು ಅಜ್ಜಿಯ ಹಿಂದೆಯೇ ಬಂದು ನೋಡಿ ಹೋಗುತ್ತಿದ್ದಳು. ಗೊಬ್ಬರದ ಡಬ್ಬವನ್ನು ಸೊಸೆ ಬೀರುವಿನಲ್ಲಿಟ್ಟು ಬೀಗ ಹಾಕಿದಳು. ಮಗ ಗಾರೆಯವನನ್ನು ಕರೆತಂದು ತಾರಸಿ ಅಳೆಸಿದ. ಗಾರೆಯವನು ಕುಂಡಗಳ ಮಧ್ಯೆ ಟೇಪು ಎಳೆಯುತ್ತ, "ಇವನ್ನೆಲ್ಲ ಎಲ್ಲಿಗೆ ಸಾಗಿಸ್ತೀರಮ್ಮ?" ಎಂದ.

"ಕೇಳು, ನಮ್ಮ ಸಾಹೇಬರನ್ನ," ಎಂದಳು ಕುಂಡದಮ್ಮ.

"ತಿಂಗಳ ಕೊನೆಗೆ ಇನ್ನೂ ಐದು ದಿನ ಇದೆ," ಎಂದ ಡ್ರೈವರ್ ಮೆಟ್ಟಿಲ ತಿರುವಿನಿಂದ. ಅವನು ಅಲ್ಲೇ ಗೋಡೆಗೆ ಕೈಯೂರಿ ನಿಂತಿದ್ದ. "ಅಷ್ಟರಲ್ಲೇ ಅಳತೆ ಯಾಕೆ? ಹೆಣ ಬೀಳೋ ಮೊದಲೇ ಗುಂಡಿ ತೋಡಿದ ಹಾಗೆ."

"ಅಪ್ಪ, ನೀನೂ ಅಮ್ಮನ ಕಡೇನೇನಾ?"

"ನಾನು ಗಾಡಿ ಕಡೆ. ಗಿಡ ಇದ್ರೆ ಗಾಡಿ ಓಡುತ್ತೆ. ಗಾಡಿ ಓಡಿದ್ರೆ ನಾನು ಡ್ರೈವರ್ರು. ಇಲ್ಲದಿದ್ರೆ ನಿನ್ನ ಮನೇಲಿ ಟೀ ಕುಡಿಯೋ ಮುದುಕ."

ಆ ಮಧ್ಯಾಹ್ನ ಕುಂಡದಮ್ಮನಿಗೆ ನಿದ್ದೆ ಹತ್ತಲಿಲ್ಲ. ಸುಮ್ಮನೆ ಬಿದ್ದಿರುವುದಕ್ಕಿಂತ ಏನಾದರೂ ತೊಳೆಯೋಣವೆಂದು ತಾರಸಿಗೆ ಹೋಗಿ ನೀರು ಹಾಕುವ ಕ್ಯಾನಿನ ಮೂತಿ ಬಿಚ್ಚಿ ತಂದಳು. ಜರಡಿಯ ಹಾಗೆ ಸಣ್ಣ ತೂತುಗಳಿರುವ ಹಿತ್ತಾಳೆಯ ಮೂತಿ. ಗಡಸು ನೀರಿನ ಸುಣ್ಣ ಆ ತೂತುಗಳಲ್ಲಿ ಕಟ್ಟಿಕೊಂಡು ಧಾರೆ ಅಡ್ಡಾದಿಡ್ಡಿಯಾಗುತ್ತದೆ. ತಿಂಗಳಿಗೊಮ್ಮೆ ವಿನೆಗರಿನಲ್ಲಿ ನೆನೆಹಾಕಿ ಸೂಜಿಯಿಂದ ಚುಚ್ಚಿ ಬಿಡಿಸಬೇಕು. ಅವಳು ಬಟ್ಟಲಿಗೆ ವಿನೆಗರ್ ಸುರಿದು, ಸೂಜಿ ಹಿಡಿದು, ಮೂತಿಯನ್ನು ಬೆಳಕಿಗೆ ಎತ್ತಿದಳು.

ಎಲ್ಲ ತೂತುಗಳೂ ತೆರೆದಿದ್ದವು. ಒಂದಕ್ಕೂ ಬಿಳಿಯ ಕಲೆ ಇರಲಿಲ್ಲ.

ತಾನೇ ತೊಳೆದು ಮರೆತೆನೋ? ಅನುಮಾನ ಎದ್ದ ಕೂಡಲೇ ಅವಳು ವಿನೆಗರ್ ಬಾಟಲಿ ನೋಡಿದಳು. ಈಗ ಸುರಿಯುವ ಮುಂಚೆ ಅದರ ಮುಚ್ಚಳದ ಸೀಲು ಒಡೆದಿರಲಿಲ್ಲ. ಸೀಲು ಹರಿದ ಚೂರು ಅವಳ ಕಣ್ಣೆದುರು ಕಟ್ಟೆಯ ಮೇಲೆ ಬಿದ್ದಿತ್ತು. ತೊಳೆದಿಲ್ಲ. ತೊಳೆಯದೆಯೂ ಸುಣ್ಣ ಕಟ್ಟಿಲ್ಲ.

ಅವಳು ಎರಡು ಸ್ವಚ್ಛ ಬಾಟಲಿ ತೆಗೆದುಕೊಂಡಳು. ಒಂದಕ್ಕೆ ಅಂಗಳದ ನಲ್ಲಿಯ ನೀರು, ಒಂದಕ್ಕೆ ತಾರಸಿಯ ಕ್ಯಾನಿನಲ್ಲಿ ಉಳಿದ ನೀರು. ಎರಡಕ್ಕೂ ಸೋಪಿನ ಒಂದೇ ಅಳತೆಯ ಚೂರು ಹಾಕಿ ಮುಚ್ಚಳ ತಿರುಗಿಸಿ ಕುಲುಕಿದಳು. ಅಂಗಳದ ನೀರು ಹಾಲೊಡೆದಂತಾಗಿ ಮೇಲೆ ಜಿಡ್ಡು ತೇಲಿತು. ಕ್ಯಾನಿನ ನೀರಿನಲ್ಲಿ ನೊರೆ ಬಾಟಲಿಯ ಕುತ್ತಿಗೆಯವರೆಗೆ ಎದ್ದು ನಿಂತಿತು.

ಗಿಡಗಳು ಕುಡಿಯುತ್ತಿದ್ದದ್ದು ಅಂಗಳದ ನೀರನ್ನಲ್ಲ. ಅವಳು ತೊಳೆದದ್ದೂ ಅದರಿಂದಲ್ಲ. ಉಪ್ಪು ತೊಳೆಯಲು ಉಪ್ಪುನೀರು ಸುರಿದಿದ್ದಳು.

ಆಗ ಮೇಲಿನ ಮಹಡಿಯಲ್ಲಿ ನಲ್ಲಿ ತಿರುಗಿಸಿದ ಸದ್ದಾಯಿತು.

ಬಚ್ಚಲುಮನೆಯ ಬಾಗಿಲು ಅರ್ಧ ತೆರೆದಿತ್ತು. ಡ್ರೈವರ್ ಸಣ್ಣ ಸ್ಟೂಲಿನ ಮೇಲೆ ಕೂತಿದ್ದ. ಕ್ಯಾನು ತುಂಬಿ ನೀರು ಹೊರಗೆ ಚೆಲ್ಲುತ್ತಿತ್ತು. ಅವನು ನಲ್ಲಿ ನಿಲ್ಲಿಸಿರಲಿಲ್ಲ. ಬಲಗೈಯ ಅಂಗೈಯನ್ನು ಎದೆಯ ನಡುವೆ ಒತ್ತಿ ಹಿಡಿದು, ಬಾಯಿ ತೆರೆದು ಉಸಿರಾಡುತ್ತಿದ್ದ. ಹಣೆಯಲ್ಲಿ ಬೆವರು.

ಅವಳು ಒಳಗೆ ಹೋಗಿ ನಲ್ಲಿ ತಿರುಗಿಸಿದಳು. ಅವನ ಉಸಿರು ಹದಕ್ಕೆ ಬರುವವರೆಗೆ ಸೆರಗಿನಿಂದ ಹಣೆ ಒರೆಸಿದಳು.

"ಯಾವಾಗಿಂದ?"

"ಏನು ಯಾವಾಗಿಂದ?"

"ರೀ."

ಡ್ರೈವರ್ ನೆಲ ನೋಡಿದ. "ಚಳಿ ಬಿಟ್ಟಾಗಿಂದ. ಅಂಗಳದಿಂದ ಮೇಲೆ ಬರೋವಾಗ ಎದೆ ಹಿಡಿಯುತ್ತೆ. ಹಿಂಡಿದ ಹಾಗೆ. ನಿಂತ್ರೆ ಹೋಗುತ್ತೆ. ಇಲ್ಲಿಂದಾದ್ರೆ ಒಂದೇ ಮಹಡಿ ಅಲ್ವಾ, ಅದಕ್ಕೇ..."

"ನೀರು ಎಲ್ಲಿಂದ ಅಂತ ಕೇಳಿದಾಗ?"

"ನೀನೆಲ್ಲಿ ಕೇಳ್ದೆ? ನೀನು ಕೇಳಿದ್ದು ಮಗನ್ನ. ಅವನು ಪೈಪ್ ತೋರಿಸ್ದ. ನಾನೂ ನೋಡ್ದೆ, ಸರಿ ಇದೆಯಲ್ಲ ಅಂದ್ಕೊಂಡೆ. ನೀರು ನೀರೇ ಅಲ್ವೇನೆ?"

"ಅಲ್ಲ," ಎಂದಳು ಅವಳು.

ಅವನು ಬಾಟಲಿಗಳ ವಿಷಯ ಕೇಳಿ ತಲೆಯಾಡಿಸಿದ. ಆಮೇಲೆ ಅವಳ ಮಣಿಕಟ್ಟು ಹಿಡಿದ. "ನೋಡು, ಈಗ ಗೊತ್ತಾಯ್ತಲ್ಲ. ನಾಳೆಯಿಂದ ಅಂಗಳದ್ದೇ ತರ್ತೀನಿ, ನಿಂತು ನಿಂತು ತರ್ತೀನಿ. ನೀನು ಗಿಡ ಸರಿಮಾಡು. ರಬ್ಬರ್ ಗಿಡ ಚೆನ್ನಾಗಿದೆ ಅಂದ್ಯಲ್ಲ, ಅದನ್ನೇ ಹೋಟೆಲಿಗೆ ಇಡೋಣ, ತಿಂಗಳ ಕೊನೆಗೆ ನಾನೇ ಓಡಿಸ್ಕೊಂಡು ಹೋಗ್ತೀನಿ. ಇವರಿಗೆ ಹೇಳ್ಬೇಡ. ಹೇಳಿದ್ರೆ ಡಾಕ್ಟರು, ಡಾಕ್ಟರಂದ್ರೆ ಮೊದಲು ಗಾಡಿ ಕೀಲಿ ಕಿತ್ಕೋತಾರೆ. ಗಾಡಿ ಹೋದ್ರೆ ನಿನ್ನ ಗಿಡಾನೂ ಹೋಯ್ತು. ನಿನಗೇ ನಷ್ಟ."

ಅವನ ಲೆಕ್ಕ ತಪ್ಪಿರಲಿಲ್ಲ. ಸುಮ್ಮನಿದ್ದರೆ ಹೋಟೆಲು ಉಳಿಯುತ್ತದೆ, ಮರೆವಿನ ಮಾತೂ ಮೆಲ್ಲಗೆ ಅಡಗುತ್ತದೆ. ಬಾಯಿ ಬಿಟ್ಟರೆ ಅವಳ ಕೈಯಲ್ಲಿ ತಪ್ಪಿಲ್ಲವೆಂದು ಸಾಬೀತಾಗುತ್ತದೆ, ಕಸುಬು ಹೋಗುತ್ತದೆ.

"ಎದ್ದು ಮಲಗಿ ಹೋಗಿ," ಎಂದಳು.

ರಾತ್ರಿ ಬ್ರೆಡ್ಡು, ಮೊಟ್ಟೆ. ಗಾರೆಯವನು ಕೊಟ್ಟ ಅಂದಾಜಿನ ಮಾತು ಎತ್ತಿದವನು ಮಗ. ಕಿಟಕಿ ಯಾವ ಕಡೆಗಿರಲಿ ಎಂದು ಮೊಮ್ಮಗಳನ್ನು ಕೇಳಿದ. ಮೊಮ್ಮಗಳು ಅಜ್ಜಿಯ ಮುಖ ನೋಡಿ, "ನನಗೆ ಕಿಟಕಿ ಬೇಡ," ಎಂದಳು.

ಕುಂಡದಮ್ಮ ಎರಡು ಬಾಟಲಿಗಳನ್ನೂ ತಂದು ಮೇಜಿನ ಮೇಲಿಟ್ಟಳು.

"ಮತ್ತೆ ಏನಮ್ಮ ಇದು?"

"ಕುಲುಕು."

ಮಗ ಕುಲುಕಿದ. ನೊರೆ ಎದ್ದ ಬಾಟಲಿಯನ್ನು ನೋಡಿ ಅವನ ಹುಬ್ಬು ಗಂಟಾಯಿತು. ಪ್ಲಂಬರನಿಗೆ ವಿವರಣೆ ಬೇಕಾಗಲಿಲ್ಲ. "ಇದು ಸಾಫ್ಟ್‌ನರ್ ನೀರು. ಎಲ್ಲಿತ್ತು?"

"ತಾರಸಿ ಕ್ಯಾನಲ್ಲಿ."

"ಸಾಧ್ಯಾನೇ ಇಲ್ಲ. ಅಂಗಳದ ನಲ್ಲಿ..."

"ಅಂಗಳದ್ದಲ್ಲ. ಬಚ್ಚಲದ್ದು. ನಿಮ್ಮಪ್ಪಂಗೆ ಅಂಗಳದಿಂದ ಹತ್ತೋಕೆ ಆಗ್ತಿಲ್ಲ. ಎದೆ ನೋಯುತ್ತೆ. ತಿಂಗಳುಗಟ್ಟಲೆ ಆಯ್ತು."

ಡ್ರೈವರ್ ತಟ್ಟೆಯನ್ನು ಮುಂದಕ್ಕೆ ತಳ್ಳಿದ. ಮೊಟ್ಟೆ ಉರುಳಿ ಮೇಜಿನ ತುದಿಗೆ ಹೋಯಿತು. "ಹೇಳ್ಬಿಟ್ಯಾ?"

"ಹೇಳ್ದೆ."

"ನೀನು ಸರಿ ಅಂತ ತೋರಿಸ್ಕೊಳ್ಳೋಕೆ ನನ್ನ ಬೀದಿಗೆ ಎಳೆದ್ಯಲ್ಲೇ?"

"ಬೀದಿಗೆ ಎಲ್ಲಿ? ನಿಮ್ಮ ಮಕ್ಕಳ ಮುಂದೆ."

"ಅಪ್ಪ, ನಿಜಾನಾ?" ಎಂದ ಮಗ. ಅವನು ತಾಯಿಯ ಕಡೆ ತಿರುಗಿ ಗದರಿದ, ಯಾರನ್ನು ಗದರಬೇಕೆಂದು ತಿಳಿಯದೆ. "ಮಧ್ಯಾಹ್ನವೇ ಫೋನ್ ಮಾಡೋಕೆ ಏನಾಗಿತ್ತು ನಿನಗೆ?"

"ತಾರಸಿಗೆ ಒಂದು ನಲ್ಲಿ ಹಾಕೋಕೆ ನಿಮಗೇನಾಗಿತ್ತು?" ಎಂದಳು ಸೊಸೆ, ಗಂಡನಿಗೆ. ಆ ಮನೆಯಲ್ಲಿ ಅವಳು ಅತ್ತೆಯ ಪರವಾಗಿ ಎತ್ತಿದ ಮೊದಲ ದನಿ ಅದು. ಆಗಲೇ ಎದ್ದು ಮಾವನ ಬಳಿ ಹೋಗಿದ್ದಳು. "ಮಾವ, ನೋವು ಎಡಗೈಗೂ ಬರುತ್ತಾ? ದವಡೆಗೆ?"

"ನೀನು ಕಣ್ಣು ನೋಡೋಳು. ಕಣ್ಣು ನೋಡು, ಸಾಕು."

"ತಾತ, ಹೇಳು," ಎಂದಳು ಮೊಮ್ಮಗಳು.

ಡ್ರೈವರ್ ದವಡೆ ಮುಟ್ಟಿಕೊಂಡ. ಅಷ್ಟರಿಂದಲೇ ಎಲ್ಲರಿಗೂ ಗೊತ್ತಾಯಿತು. ಆ ರಾತ್ರಿಯೇ ಮಗ ಅವನನ್ನು ಆಸ್ಪತ್ರೆಗೆ ಕರೆದೊಯ್ದ.

ಆಸ್ಪತ್ರೆಯಲ್ಲಿ ಡಾಕ್ಟರು ಪರದೆಯ ಮೇಲೆ ಹೃದಯದ ರಕ್ತನಾಳ ತೋರಿಸಿದರು. ಒಂದು ಕಡೆ ದಾರ ಕಟ್ಟಿ ಬಿಗಿದಂತೆ ಸಣ್ಣಗಾಗಿತ್ತು. "ಒಳಗೆ ಕಟ್ಟಿಕೊಂಡಿದೆ. ಹೀಗೇ ಇನ್ನೊಂದು ತಿಂಗಳು ನೀರು ಹೊತ್ತಿದ್ರೆ ಮೆಟ್ಟಿಲ ಮೇಲೇ ಆಗ್ಬೇಕಾಗಿದ್ದು ಆಗ್ತಿತ್ತು." ಮಗ ಆ ಸಣ್ಣ ಜಾಗವನ್ನೇ ನೋಡುತ್ತ ನಿಂತ. ಒಳಗೆ ಕಟ್ಟಿಕೊಂಡಿದೆ ಎಂದು ಪೈಪು ತೋರಿಸಿ ದಿನಾ ಜನರಿಗೆ ಹೇಳುತ್ತಿದ್ದವನು ಅವನೇ.

ನಾಳ ಬಿಡಿಸಿ ಒಳಗೆ ಸಣ್ಣ ಜಾಲರಿಯ ಕೊಳವೆ ಕೂರಿಸಿದರು. ಭಾರ ಎತ್ತುವುದು ಬೇಡ, ಗಾಡಿ ಓಡಿಸುವ ಮಾತು ಸದ್ಯಕ್ಕೆ ಬೇಡ, ಆಮೇಲೂ ಸಾಮಾನಿನ ಗಾಡಿ ಬೇಡ ಎಂದರು.

ತಿಂಗಳ ಕೊನೆಯ ದಿನ ಹೋಟೆಲಿಗೆ ಹೋಗಬೇಕಾದ ರಬ್ಬರ್ ಗಿಡಗಳು ಎಲೆ ಒರೆಸಿಕೊಂಡು ತಾರಸಿಯಲ್ಲಿ ಸಾಲಾಗಿ ನಿಂತಿದ್ದವು. ಒಯ್ಯಲು ಯಾರೂ ಇರಲಿಲ್ಲ. ಮಗ ಆಸ್ಪತ್ರೆಯಲ್ಲಿದ್ದ. ಮಾರನೆಯ ದಿನ ಕುಂಡದಮ್ಮ ಬಸ್ಸಿನಲ್ಲಿ ಹೋಗಿ ಮ್ಯಾನೇಜರಿಗೆ ಇದ್ದದ್ದು ಇದ್ದಂತೆ ಹೇಳಿದಳು. ನೀರು, ಉಪ್ಪು, ಎದೆನೋವು.

ಮ್ಯಾನೇಜರು ಕೆಟ್ಟವರಲ್ಲ. ಟೀ ತರಿಸಿದರು. ಗಂಡನ ಆರೋಗ್ಯ ಕೇಳಿದರು. ಆಮೇಲೆ, "ನಿನ್ನೆ ಬೇರೆಯವರಿಗೆ ಮಾತು ಕೊಟ್ಟಾಯ್ತು ಕುಂಡದಮ್ಮ. ನಿಮ್ಮವನ್ನ ಯಾವಾಗ ತಗೊಂಡು ಹೋಗ್ತೀರಿ?" ಎಂದರು.

ಹೋಟೆಲು ಹೋದ ಮೇಲೆ ತಾರಸಿಯಲ್ಲಿ ಅರ್ಧ ಜಾಗ ಖಾಲಿ. ಆ ಅರ್ಧದಲ್ಲಿ ರೂಮು, ಉಳಿದರ್ಧದಲ್ಲಿ ಕ್ಲಿನಿಕ್ಕು ಮತ್ತು ವಕೀಲರ ಗಿಡ ಎಂದು ಊಟದ ಮೇಜಿನ ಮೇಲೆ ತೀರ್ಮಾನವಾಯಿತು. ಯಾರೂ ಜಗಳವಾಡಲಿಲ್ಲ. ಗಾರೆ ಕಲಸಲು ನೀರು ಬೇಕೆಂದು ಗಾರೆಯವನು ಹಠ ಹಿಡಿದದ್ದರಿಂದ ಮಗ ಒಂದೇ ಬೆಳಿಗ್ಗೆಯಲ್ಲಿ ತಾರಸಿಗೆ ನಲ್ಲಿ ಹಾಕಿದ. ಗಡಸು ನೀರಿನದೇ.

"ಸಿಮೆಂಟಿಗೆ ಇರೋ ಮರ್ಯಾದೆ ಹೆತ್ತಮ್ಮಂಗಿಲ್ಲ," ಎಂದಳು ಕುಂಡದಮ್ಮ. ಮಗ ತಲೆ ತಗ್ಗಿಸಿಕೊಂಡು ನಲ್ಲಿಗೆ ದಾರ ಸುತ್ತಿದ. ಸೊಸೆ ಗೊಬ್ಬರದ ಡಬ್ಬ ತಂದು ಅತ್ತೆಯ ಕೈಗೆ ಕೊಟ್ಟಳು.

ಡ್ರೈವರ್ ಮನೆಗೆ ಬಂದ. ಹೆಂಡತಿಯ ಜೊತೆ ಮಾತು ಬಿಟ್ಟ. ಎದುರಿಗೆ ಕೂತಿದ್ದರೂ ಮೊಮ್ಮಗಳ ಮೂಲಕವೇ ವ್ಯವಹಾರ.

"ನಿಮ್ಮಜ್ಜಿಗೆ ಹೇಳು, ಬೇಳೆಗೆ ಉಪ್ಪಿಲ್ಲ ಅಂತ."

"ನಿಮ್ಮ ತಾತಂಗೆ ಹೇಳು, ಡಾಕ್ಟರಿಗೆ ಫೋನ್ ಮಾಡಿ ಕೇಳೋಕೆ."

"ನನಗೆ ನಾಳೆ ಪರೀಕ್ಷೆ ಇದೆ," ಎನ್ನುತ್ತಿದ್ದಳು ಮೊಮ್ಮಗಳು. "ಇಬ್ರೂ ಬೇರೆ ಯಾರನ್ನಾದ್ರೂ ಇಟ್ಕೊಳ್ಳಿ."

ಹೋಟೆಲಿನ ಗಿಡಗಳನ್ನು ತರುವ ದಿನ ಬಂತು. ಮಗ ತಮ್ಮದೇ ವ್ಯಾನಿಗೆ ಒಬ್ಬ ಬಾಡಿಗೆ ಚಾಲಕನನ್ನು ಗೊತ್ತುಮಾಡಿದ. ಡ್ರೈವರ್ ಯಾರನ್ನೂ ಕೇಳದೆ ಚಪ್ಪಲಿ ಮೆಟ್ಟಿಕೊಂಡು ಬಂದು ಮುಂದಿನ ಸೀಟಿನಲ್ಲಿ ಕೂತ. ಹಾದಿಯುದ್ದಕ್ಕೂ ಚಾಲಕನಿಗೆ ಪಾಠ. "ಕ್ಲಚ್ ಮೇಲೆ ಕಾಲಿಟ್ಟು ನಿದ್ದೆ ಮಾಡ್ತೀಯೇನಪ್ಪ? ಬರೋವಾಗ ಹಿಂದೆ ಇರೋದು ಕಲ್ಲಲ್ಲ, ಗಿಡ."

ಹೋಟೆಲಿನ ಬಾಗಿಲಲ್ಲಿ ಆಗಲೇ ಬೇರೆಯವರ ಕುಂಡಗಳು ನಿಂತಿದ್ದವು, ಹೊಸ ಬಿಳಿ ಬಣ್ಣದವು. ಕುಂಡದಮ್ಮ ಅವುಗಳ ಎಲೆ ಮಗುಚಿ ನೋಡಿದಳು. ಚೆನ್ನಾಗಿಯೇ ಇದ್ದವು. ಅವಳೂ ಬಾಡಿಗೆ ಚಾಲಕನೂ ತಮ್ಮವನ್ನು ಒಂದೊಂದಾಗಿ ತಂದು ವ್ಯಾನಿನ ಹಿಂದೆ ಜೋಡಿಸಿದರು. ಡ್ರೈವರ್ ಇಳಿಯಲಿಲ್ಲ. ಕಿಟಕಿಯಿಂದ ನೋಡುತ್ತ ಕೂತ. ಹಿಂದೆ ತುಂಬಿ ಒಂದು ಕುಂಡ ಉಳಿಯಿತು. ಅವಳು ಅದನ್ನು ಎತ್ತಿಕೊಂಡು ಮುಂದಿನ ಬಾಗಿಲಿಗೆ ಬಂದಳು.

"ಆವತ್ತು ನೀನು ಬಾಯಿ ಮುಚ್ಕೊಂಡಿದ್ದಿದ್ರೆ ಈ ಹೋಟೆಲ್ ಉಳೀತಿತ್ತು," ಎಂದ ಡ್ರೈವರ್, ನೇರ ಅವಳಿಗೇ.

"ಉಳೀತಿತ್ತು," ಎಂದಳು ಕುಂಡದಮ್ಮ. "ಕಾಲು ಸ್ವಲ್ಪ ಸರಿಸಿ. ಇದು ಹಿಂದೆ ಹಿಡಿಸಲ್ಲ."

ಅವನು ಕಾಲು ಸರಿಸಿದ. ಅವಳು ಕುಂಡವನ್ನು ಅವನ ಎರಡು ಪಾದಗಳ ಮಧ್ಯೆ ಇಟ್ಟಳು. ಸುಟ್ಟ ಎಲೆಗಳು ಅವನ ಮಂಡಿಗೆ ತಾಗಿದವು. ಅವನು ಬಗ್ಗಿ ಎರಡೂ ಕೈಯಿಂದ ಕುಂಡದ ಕಂಠ ಹಿಡಿದ.

"ಎತ್ತಬೇಡಿ," ಎಂದಳು ಅವಳು.

"ಎತ್ತಲ್ಲ ಕಣೇ. ಹಿಡ್ಕೊಂಡಿರ್ತೀನಿ, ಅಷ್ಟೆ."